ನರಿ ಮಾವ ತಿದ್ದಿದ ಬೋನು

ನರಿಯ ಕಾಟಕ್ಕೆ ಕೋಳಿಗಳನ್ನು ಕಳೆದುಕೊಂಡು ಸಾಕಾದ ಸಾವಂತ್ರವ್ವ ಕೊನೆಗೆ ತಾನೇ ಒಂದು ಬೋನು ಕಟ್ಟಿದಳು. ನರಿಗೆ ಆಸೆ ತೋರಿಸಲು ಬೋನಿನೊಳಗೆ, ತಂತಿಬಲೆಯ ಹಿಂದೆ ಕೆಂಚಿ ಎಂಬ ಹೇಂಟೆಯನ್ನು ಕೂರಿಸಿ ಮನೆಗೆ ಹೋದಳು. ಕೆಂಚಿಗೆ ಒಂದೇ ಚಿಂತೆ. ನರಿ ಇಲ್ಲಿ ಸಿಕ್ಕದಿದ್ದರೆ ನೇರ ಗೂಡಿಗೇ ನುಗ್ಗೀತು, ಅಲ್ಲಿ ಕೆಂಚಿಯ ಮರಿಗಳಿದ್ದವು.

ಹೊತ್ತು ಮುಳುಗುತ್ತಲೇ ನರಿ ಬಂತು. ಬೋನಿನ ಸುತ್ತ ತಿರುಗಿ ಕಿಸಕ್ಕನೆ ನಕ್ಕಿತು.

"ಇದನ್ನೂ ಬೋನು ಅಂತಾರೇನು? ಬಾಗಿಲು ಓರೆ, ಹಗ್ಗ ಸಡಿಲ. ಇಂಥವನ್ನು ನಾನು ಎಷ್ಟು ಕಂಡಿಲ್ಲ!"

ಹಾಗೆಂದು ಗೂಡಿನ ಕಡೆ ಹೆಜ್ಜೆ ಹಾಕಿತು. ಕೆಂಚಿ ಧೈರ್ಯ ತಂದುಕೊಂಡು ಕೂಗಿತು.

"ನಿಜ ಮಾವ, ನಮ್ಮವ್ವ ಬೋನು ಕಟ್ಟಿದ್ದು ಇದೇ ಮೊದಲು. ಒಳಗಿನ ಕೀಲೂ ತಪ್ಪಾಗಿ ಕೂತಂತಿದೆ."

ನರಿ ಗಕ್ಕನೆ ನಿಂತಿತು. "ಯಾವ ಕೀಲು?"

"ಹೋಗಲಿ ಬಿಡಿ, ಅದು ನಿಮಗೂ ತಿಳಿಯಲಿಕ್ಕಿಲ್ಲ."

"ನನಗೆ ತಿಳಿಯದ ಬೋನೇ?" ನರಿ ದಡದಡ ಒಳಗೆ ನುಗ್ಗಿತು. "ನೋಡು ಪೆದ್ದಿ, ಕೀಲು ಹೀಗಿದ್ದರೆ ಈ ಬಾಗಿಲು ಜನ್ಮದಲ್ಲಿ ಬೀಳುವುದಿಲ್ಲ. ಹೀಗಿರಬೇಕು!" ಎಂದು ಪಂಜದಿಂದ ಅದನ್ನು ಸರಿಪಡಿಸಿತು.

ಬಾಗಿಲು ದಢಾರನೆ ಬಿತ್ತು.

ನರಿ ಒಳಗೇ ನಾಲ್ಕು ಸುತ್ತು ಹಾಕಿತು. ಆಮೇಲೆ ಬಾಗಿಲನ್ನೇ ದಿಟ್ಟಿಸಿ, "ನಾನು ಹೇಳಲಿಲ್ಲವೇ? ಓರೆಯಾಗಿಯೇ ಬಿದ್ದಿದೆ," ಎಂದಿತು.

"ಹೌದು ಮಾವ," ಎಂದು ಕೆಂಚಿ ನೆಮ್ಮದಿಯಿಂದ ರೆಕ್ಕೆ ಕೊಡವಿತು. "ಬೆಳಗ್ಗೆ ಅವ್ವ ಬರುತ್ತಾಳೆ, ಅವಳಿಗೂ ಸ್ವಲ್ಪ ಹೇಳಿಕೊಡಿ."