ಕಾಗೆ ಬಾರದ ಕಾವಲು

ಕಾವಲು ಅಂದರೆ ನಮ್ಮ ಕಡೆ ಹುಲ್ಲುಗಾಡು. ಬೇಸಿಗೆ ಬಂತೆಂದರೆ ಕಣ್ಣು ಹಾಯುವವರೆಗೂ ಒಣಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ. ಹಾಳು ಬಿಸಿಲಿಗೆ ಹಕ್ಕಿಪಕ್ಕಿಯೂ ಆ ಕಡೆ ತಲೆ ಹಾಕದು.

ಅಲ್ಲಿ ಗುಡಿಸಲು ಹಾಕಿಕೊಂಡಿದ್ದ ಅಜ್ಜಯ್ಯನ ಬಳಿಗೆ ಪಾಲಯ್ಯ ಎಂಬ ಕುರಿಗಾರ ಶಿಷ್ಯನಾಗಿ ಬಂದ. ಕುರಿ ಹೊಡೆದುಕೊಂಡು ಹೋಗುವಾಗ ಅವನ ಮಗಳು ಓಬಕ್ಕ ಇದೇ ಕಾವಲಿನಲ್ಲಿ ಜ್ವರ ಬಂದು ಮಲಗಿದ್ದಳು. ನೀರು ಹುಡುಕಿ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇನ್ನೂ ಆರು ವರ್ಷದ ಕೂಸು. ಹೇಳೋಕೂ ಸಂಕಟವಾಗುತ್ತೆ.

“ಅಜ್ಜಯ್ಯ, ದಿನಾ ಕನಸಿನಲ್ಲಿ ಬರ್ತಾಳೆ. ಹುಲ್ಲಿನ ನಡುವೆ ನಿಂತು ‘ಅಪ್ಪಾ, ನೀರು’ ಅಂತಾಳೆ. ಕೊಡೋಕೆ ಕೈ ಚಾಚ್ತೀನಿ, ಎಚ್ಚರ ಆಗಿಬಿಡುತ್ತೆ. ಒಂದೇ ಒಂದು ಸಲ ಅವಳು ಕುಡಿಯೋದನ್ನ ನೋಡಬೇಕು. ಏನು ಮಾಡಲಿ?”

“ನೀರಿಡು,” ಎಂದರು ಅಜ್ಜಯ್ಯ.

ಅಷ್ಟೇ ಹೇಳಿದ್ದು ಅವರು. ಆದರೆ ಪಾಲಯ್ಯನ ಲೆಕ್ಕವೇ ಬೇರೆ. ಸತ್ತವರಿಗೆ ಎಡೆ ಇಟ್ಟರೆ ಕಾಗೆ ಬಂದು ಮುಟ್ಟಬೇಕು, ಮುಟ್ಟಿದರೆ ಮಾತ್ರ ಅವರಿಗೆ ಸಂದಂತೆ. ದೂರದ ಕಟ್ಟೆಯಿಂದ ನೀರು ಹೊತ್ತು ತಂದು, ಮಣ್ಣಿನ ಬೋಗುಣಿಗೆ ತುಂಬಿ, ಗುಡಿಸಲ ಮುಂದಿಟ್ಟು ಕಾದು ಕೂತ.

“ಕಾ, ಕಾ” ಎಂದು ಗಂಟಲು ಕಟ್ಟುವವರೆಗೂ ಕೂಗಿದ. ಕಾಗೆ ಬರಲಿಲ್ಲ. ನೀರು ಬಿಸಿಲಿಗೆ ಆರುತ್ತಿತ್ತು, ಮತ್ತೆ ತಂದು ತುಂಬುತ್ತಿದ್ದ. ಹೀಗೇ ದಿನಗಳು ಹೋದವು.

“ಅವಳಿಗೆ ನನ್ನ ಮೇಲೆ ಇನ್ನೂ ಸಿಟ್ಟು,” ಎಂದು ಅತ್ತ.

ಅಜ್ಜಯ್ಯ ಅವನ ಬೆನ್ನು ಸವರಿದರು.

ಒಂದು ಮಧ್ಯಾಹ್ನ ನರಿಯೊಂದು ನಾಲಿಗೆ ಇಳಿಬಿಟ್ಟುಕೊಂಡು, ಕಾಲೆಳೆಯುತ್ತ ಬೋಗುಣಿಯ ಹತ್ತಿರ ಬಂತು. ಇನ್ನೇನು ಬಾಯಿ ಹಾಕಬೇಕು, ಪಾಲಯ್ಯ ಕಲ್ಲು ಬೀಸಿದ. ನರಿ ಕುಂಯ್‌ಗುಟ್ಟುತ್ತ ಹುಲ್ಲಿನೊಳಗೆ ಹೋಯಿತು.

ಅಜ್ಜಯ್ಯ ಹೊರಗೆ ಬಂದರು. “ಯಾರನ್ನಯ್ಯ ಓಡಿಸಿದ್ದು?”

“ದರಿದ್ರದ ನರಿ, ಅಜ್ಜಯ್ಯ! ನನ್ನ ಮಗಳ ನೀರಿಗೆ ಬಾಯಿ ಹಾಕೋಕೆ ಬಂದಿತ್ತು.”

ಅಜ್ಜಯ್ಯ ಬೋಗುಣಿ ಎತ್ತಿಕೊಂಡು ಬರಿಗಾಲಲ್ಲೇ ಬಿಸಿಲಿಗಿಳಿದರು.

“ಅಯ್ಯೋ, ಕಾಲು ಸುಡುತ್ತೆ! ಕೊಡಿ ಇಲ್ಲಿ, ನಾನು ಹಿಡ್ಕೋತೀನಿ,” ಎಂದು ಪಾಲಯ್ಯ ಹಿಂದೆಯೇ ಓಡಿದ. ಅವರು ಕೊಡಲಿಲ್ಲ.

ನರಿ ಬಹಳ ದೂರ ಹೋಗಿರಲಿಲ್ಲ. ಒಂದು ಜಾಲಿ ಪೊದೆಯ ಕೆಳಗೆ ಬಿದ್ದಿತ್ತು. ಅಜ್ಜಯ್ಯ ಮಂಡಿಯೂರಿ ಅದರ ತಲೆ ಎತ್ತಿ ಹಿಡಿದು ಬಾಯಿಗೆ ನೀರು ಬಿಟ್ಟರು. ನೀರು ಒಳಗಿಳಿಯಲಿಲ್ಲ. ಪಕ್ಕಕ್ಕೆ ಹರಿದು ಮಣ್ಣು ಸೇರಿತು.

ಪಾಲಯ್ಯ ಅಲ್ಲೇ ಕುಸಿದು ಕೂತ.

“ಅಜ್ಜಯ್ಯ... ಬಂದದ್ದು ಅವಳೇನಾ? ಕಾಗೆಯೇ ಬರಲಿ ಅಂತ ಕೂತು, ನನ್ನ ಓಬಕ್ಕನಿಗೇ ಕಲ್ಲು ಹೊಡೆದೆನಾ?”

ಅಜ್ಜಯ್ಯ ಒದ್ದೆ ಕೈಯಿಂದ ನರಿಯ ಕಣ್ಣು ಮುಚ್ಚಿದರು.

“ಅಲ್ಲ ಕಣಪ್ಪ. ಇದು ನರಿ. ಇದಕ್ಕೂ ಬಾಯಾರಿತ್ತು.”