ವಾರೆ ಕತ್ತಿನ ಕಾಗೆ

ಕಾರ್ಟೂನ್ ಸ್ಟುಡಿಯೊ ಒಂದರ ಬೀರುವಿನಲ್ಲಿ ಒಂದೇ ಕಾಗೆಯ ಎರಡು ಚಿತ್ರಗಳಿದ್ದವು. ಮೊದಲ ನಿರ್ದೇಶಕರು ಬರೆದದ್ದು ಡೊಳ್ಳುಹೊಟ್ಟೆಯ ಪೆದ್ದು ಕಾಗೆ. ಎರಡನೆಯವರು ಅದನ್ನೇ ತೆಳ್ಳಗೆ, ಚಾಲಾಕಿಯಾಗಿ ಬರೆದಿದ್ದರು.

"ಅಜ್ಜ, ಮೂರನೆಯ ನಿರ್ದೇಶಕರು ಬಂದಿದ್ದಾರೆ. ನಿನಗಿನ್ನು ಕಸದ ಬುಟ್ಟಿಯೇ ಗತಿ," ಎಂದಿತು ತೆಳ್ಳನೆಯದು.

ಮೊದಲ ನಿರ್ದೇಶಕರು ತನ್ನನ್ನು ಬರೆಯುತ್ತ ಒಬ್ಬರೇ ನಗುತ್ತಿದ್ದದ್ದು ನೆನಪಾಗಿ ಮುದಿ ಕಾಗೆಯ ಕಣ್ಣು ತುಂಬಿತು.

ಹೊಸಬರು ಅಡಿಯಲ್ಲಿ ದೀಪವಿದ್ದ ಗಾಜಿನ ಮೇಜಿನ ಮೇಲೆ ಎರಡೂ ಹಾಳೆಗಳನ್ನು ಒಂದರ ಮೇಲೊಂದು ಇಟ್ಟರು. ಕೆಳಗಿನ ಹಾಳೆಯ ಗೆರೆ ಮೇಲಿನದರಲ್ಲಿ ಕಾಣಲೆಂದೇ ಆ ದೀಪ. ಹೊಟ್ಟೆ, ಕೊಕ್ಕು, ಕಾಲು ಯಾವುದೂ ಕೂಡಲಿಲ್ಲ. ವಾರೆ ಕತ್ತು ಮಾತ್ರ ಕೂದಲೆಳೆಯಷ್ಟೂ ತಪ್ಪದೆ ಕೂಡಿತು. ಅವರು ಹೊಸ ಕಾಗೆಯನ್ನು ಅಲ್ಲಿಂದಲೇ ಬರೆಯತೊಡಗಿದರು.

"ಈ ಕತ್ತು ನನ್ನ ಚಾಲಾಕಿತನದ ಗುರುತು ಅಂದುಕೊಂಡಿದ್ದೆ," ಎಂದಿತು ತೆಳ್ಳನೆಯದು.

"ಅಲ್ಲ ಮಗು. ಮೊದಲನೆಯವರಿಗೆ ಆ ದಿನ ಕತ್ತು ಉಳುಕಿತ್ತು. ಕನ್ನಡಿ ನೋಡಿಕೊಂಡು ನನ್ನನ್ನು ಬರೆದರು," ಎಂದಿತು ಮುದಿ ಕಾಗೆ.