ಷಡ್ಡಕನ ಮುಕ್ಕಾಲು

ನಮ್ಮೂರಲ್ಲಿ ಸೈಟಿನ ಅರ್ಧ ಭಾಗದಲ್ಲಷ್ಟೇ ಮನೆ ಕಟ್ಟಬೇಕು. ಪಕ್ಕದೂರಲ್ಲಿ ಮುಕ್ಕಾಲು ಕಟ್ಟಬಹುದು. ಗುರುಬಸವಯ್ಯನವರಿಗೆ ಹೊಟ್ಟೆಯುರಿ ತಡೆಯಲಾಗಲಿಲ್ಲ. ನಗರಸಭೆಗೆ ಬಂದು ಗುಮಾಸ್ತನ ಮೇಜು ಗುದ್ದಿದರು.

"ಅಲ್ಲಿ ನನ್ನ ಷಡ್ಡಕ ಮುಕ್ಕಾಲು ಕಟ್ಟವ್ನೆ. ನಾನೇನು ಅವನಿಗಿಂತ ಕಮ್ಮೀನಾ? ನಂಗೂ ಮುಕ್ಕಾಲು ಕೊಡು, ಇಲ್ಲಾಂದ್ರೆ ನಿನ್ನ ಎತ್ತಂಗಡಿ ಮಾಡಿಸ್ತೀನಿ!"

ಗುಮಾಸ್ತ ತಣ್ಣಗೆ ಕೇಳಿದ, "ಅವ್ರಿಗೆ ಹೆಣ್ಣುಮಕ್ಕಳು ಅವ್ರಾ ಸ್ವಾಮಿ?"

"ಮೂವರು!"

"ಮದುವೆಗೆ ಚಪ್ಪರದ ಕಂಬ ಎಲ್ಲಿ ನೆಡ್ತಾರೆ?"

ಗುರುಬಸವಯ್ಯ ಯೋಚಿಸಿದರು. ಷಡ್ಡಕನ ಹೊಸ್ತಿಲು ದಾಟಿದರೆ ರಸ್ತೆ. ಬಿಟ್ಟ ಕಾಲು ಭಾಗವೆಲ್ಲ ಹಿತ್ತಲಲ್ಲಿ; ಮುಂದೆ ಅಂಗೈಯಗಲದ ಅಂಗಳವೂ ಇಲ್ಲ. ಮುಖ ಅರಳಿತು.

"ಹಾಗಾದ್ರೆ ಅವ್ನು ಬಂದು ನನ್ನ ಅಂಗಳಾನೇ ಕೇಳ್ಬೇಕು!"

ಮರುದಿನ ಹೊಸ ನಕ್ಷೆ ತಂದರು. ಮನೆ ಕಾಲು ಭಾಗಕ್ಕೆ ಇಳಿದಿತ್ತು. ಉಳಿದ ಮುಕ್ಕಾಲರ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದರು: "ಷಡ್ಡಕ ಬಂದು ಕೈಮುಗಿದು ನಿಲ್ಲುವ ಜಾಗ."